ಅತಿ ಕೆಟ್ಟ ಅಭ್ಯರ್ಥಿಯ ಪರವಾಗಿ ಐದು ನಿಮಿಷ

ಮೇಡಂ ಅವರ ಕೆಳತುಟಿಯ ಎಡಭಾಗದಲ್ಲಿ ಹುಣಸೆಬೀಜದಷ್ಟು ದೊಡ್ಡ ಬಿಳಿ ಮಚ್ಚೆಯಿತ್ತು. ತೊನ್ನು. ಸುಮ್ಮನೆ ಕೂತಿದ್ದಾಗ ಅದು ಒರೆಸಲು ಮರೆತ ಸುಣ್ಣದಂತೆ ಕಾಣುತ್ತಿತ್ತು. ವಾದಕ್ಕೆ ಇಳಿದರೆ ಮಾತ್ರ ನಿಧಾನವಾಗಿ ಕೆಂಪೇರುತ್ತಿತ್ತು. ಅವರ ಎದುರು ಕೂತ ನಾವು ಕಿವಿಗಿಂತ ಮೊದಲು ಕಣ್ಣನ್ನು ಅತ್ತ ಇಟ್ಟಿರುತ್ತಿದ್ದೆವು. ಮಚ್ಚೆ ಗುಲಾಬಿಗೆ ತಿರುಗಿತೆಂದರೆ ನಮ್ಮಲ್ಲಿ ಒಬ್ಬರ ಮಾನ ಹೋಗುವುದು ಖಚಿತ. ಯಾರದು ಎನ್ನುವುದಷ್ಟೇ ಬಾಕಿ.

ಆಗ ನಾನು ದೇಶದ ರಾಜಧಾನಿಯಲ್ಲಿ, ಕೋಚಿಂಗ್ ಕ್ಲಾಸುಗಳ ಬಡಾವಣೆಯಾದ ಓಲ್ಡ್ ರಾಜಿಂದರ್ ನಗರದಲ್ಲಿದ್ದೆ. ಸಿವಿಲ್ ಸರ್ವಿಸ್ ಪರೀಕ್ಷೆಯ ಮೂರನೆಯ ಪ್ರಯತ್ನ. ಕಿಟಕಿಯಿಲ್ಲದ ಕೋಣೆ, ಪ್ಲೈವುಡ್ ಗೋಡೆ, ಆಚೆ ಬದಿಯ ಬಿಹಾರದ ಹುಡುಗ ಸಂವಿಧಾನದ ವಿಧಿಗಳನ್ನು ಗಟ್ಟಿಯಾಗಿ ಉರು ಹೊಡೆಯುವ ಸದ್ದು. ನಮ್ಮ ಕಡೆಯ ಸೀನಿಯರ್ ಒಬ್ಬ ಒಂದು ದಿನ ಚಹಾ ಕುಡಿಯುತ್ತ ಹೇಳಿದ: "ದ್ವಾರಕಾದಲ್ಲಿ ಒಬ್ಬರು ಕನ್ನಡದ ಮೇಡಂ ಇದಾರೆ. ಸೆಂಟ್ರಲ್ ಮಿನಿಸ್ಟ್ರಿಯಲ್ಲಿ ಡೆಪ್ಯುಟಿ ಸೆಕ್ರೆಟರಿ ಆಗಿ ರಿಟೈರ್ ಆದೋರು. ಭಾನುವಾರ ಬೆಳಿಗ್ಗೆ ಮನೆಗೆ ಕರೆಸಿ ವಾದ ಮಾಡಿಸ್ತಾರೆ. ಫೀಸು ತಗೊಳಲ್ಲ, ಮಾನ ತಗೋತಾರೆ. ಹೋಗು."

ಹೋದೆ. ವರ್ಷಗಟ್ಟಲೆ ಹೋದೆ. ರಾಜೇಂದ್ರ ಪ್ಲೇಸ್‌ನಲ್ಲಿ ಮೆಟ್ರೋ ಹತ್ತಿದರೆ ಮುಕ್ಕಾಲು ಗಂಟೆಯ ಮೇಲೆ. ಅಷ್ಟೂ ಹೊತ್ತು ನಿಂತುಕೊಂಡೇ ಹಿಂದಿನ ವಾರದ ಪತ್ರಿಕೆಗಳನ್ನು ತಿರುವಿ ಹಾಕುತ್ತಿದ್ದೆ. ಅವರ ಮನೆ ಒಂದು ಹೌಸಿಂಗ್ ಸೊಸೈಟಿಯ ಏಳನೆಯ ಮಹಡಿಯಲ್ಲಿತ್ತು. ಮದುವೆಯಾಗಿರಲಿಲ್ಲ. ಅಡಿಗೆ ಮಾಡಲು ಮುನ್ನಿ ಎಂಬ ಹೆಂಗಸು ಬರುತ್ತಿದ್ದಳು. ಮೇಡಂ ಅವಳಿಗೆ ಉಪ್ಪಿಟ್ಟು ಕಲಿಸಿದ್ದರು. ಅವಳು ಅದನ್ನು ಸಾಸಿವೆ ಎಣ್ಣೆಯಲ್ಲಿ ಮಾಡುತ್ತಿದ್ದಳು. ಮೇಡಂ ಎಂದೂ ತಿದ್ದಲಿಲ್ಲ. "ಅವಳ ರಾಜ್ಯದ ಎಣ್ಣೆ, ನನ್ನ ರಾಜ್ಯದ ರವೆ. ಒಕ್ಕೂಟ ವ್ಯವಸ್ಥೆ ಅಂದ್ರೆ ಇಷ್ಟೇ, ತಿನ್ನಿ" ಅನ್ನುತ್ತಿದ್ದರು. ಅವರ ಬಾಯಿಂದ ನಾನು ಕೇಳಿದ ತಮಾಷೆ ಅದೊಂದೇ ಇರಬೇಕು.

ನಮ್ಮ ಹೆಸರುಗಳನ್ನು ಅವರು ಬಳಸುತ್ತಿರಲಿಲ್ಲ. ಊರಿನ ಹೆಸರೇ ಸಾಕು. ನಾನು ಹರಿಹರ. ಶಿವಲೀಲಾ ಎಂಬ ಹುಡುಗಿ ಕೊಪ್ಪಳ. ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಇಮ್ರಾನ್ ಭಟ್ಕಳ. ಇನ್ನೂ ಮೂರು ನಾಲ್ಕು ಜನ ಬರುತ್ತಿದ್ದರು, ಅಳುತ್ತ ಬಿಟ್ಟು ಹೋಗುತ್ತಿದ್ದರು, ಹೊಸಬರು ಬರುತ್ತಿದ್ದರು.

ನಿಯಮ ಒಂದೇ. ನೀವು ನಂಬಿದ್ದರ ವಿರುದ್ಧ ವಾದಿಸಬೇಕು. ಚುನಾವಣೆ ಹತ್ತಿರ ಬಂದರೆ ಅವರಿಗೆ ಹಬ್ಬ. ಅಭ್ಯರ್ಥಿಗಳು ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರಗಳನ್ನು ಪ್ರಿಂಟ್ ತೆಗೆಸಿ ದಿವಾನದ ಮೇಲೆ ಹರಡುತ್ತಿದ್ದರು. ಯಾರ ಮೇಲೆ ಎಂಥ ಕೇಸು, ಯಾರ ಹೆಂಡತಿಯ ಹೆಸರಲ್ಲಿ ಯಾವ ಜಮೀನು, ಎಲ್ಲವೂ ಅವರಿಗೆ ಬಾಯಿಪಾಠ. ನನ್ನ ಮೊದಲ ಭಾನುವಾರ ಕೇಳಿದರು:

"ಹರಿಹರ, ನಿನ್ನ ಕ್ಷೇತ್ರದಲ್ಲಿ ಈ ಸಲ ಅತಿ ಕೆಟ್ಟ ಅಭ್ಯರ್ಥಿ ಯಾರು?"

ಹೇಳಿದೆ. ನಮ್ಮ ಊರಿನ ಕಡೆ ಮರಳು ಎತ್ತಿ ಎತ್ತಿ ದೊಡ್ಡವನಾದ ಮನುಷ್ಯ.

"ಅವನ ಪರವಾಗಿ ಐದು ನಿಮಿಷ. ಅವನಿಗೆ ಯಾಕೆ ಓಟು ಹಾಕಬೇಕು ಅಂತ ನನ್ನನ್ನ ಒಪ್ಪಿಸು."

ನಾನು ನಕ್ಕೆ. ಮಚ್ಚೆ ಕೆಂಪಾಯಿತು. "ಅವನಿಗೆ ನಿಮ್ಮೂರಲ್ಲಿ ಸಾವಿರಾರು ಜನ ಓಟು ಹಾಕ್ತಾರೆ. ಅವರೆಲ್ಲ ಮೂರ್ಖರು, ನೀನೊಬ್ಬ ಜಾಣ. ಅವರ ಕಾರಣ ಏನು ಅಂತ ಗೊತ್ತಿಲ್ಲದೆ ನಾಳೆ ಅವರ ಮೇಲೆ ಆಫೀಸರ್ ಆಗಿ ಕೂತ್ಕೋತೀಯ. ನಗು ಇನ್ನೊಂದ್ಸಲ."

ನಾನು ಮಾತು ಆರಂಭಿಸಿ ಒಂದು ನಿಮಿಷಕ್ಕೆ ನಿಲ್ಲಿಸಿದೆ. ಉಳಿದ ನಾಲ್ಕು ನಿಮಿಷವನ್ನು ಅವರು ಗೋಡೆ ಗಡಿಯಾರ ನೋಡುತ್ತ ಮೌನದಲ್ಲಿ ಕಳೆದರು. ನಮ್ಮೆಲ್ಲರನ್ನೂ ಕಳೆಯುವಂತೆ ಮಾಡಿದರು. ಆಮೇಲೆ ತಾವೇ ಆ ಮನುಷ್ಯನ ಪರವಾಗಿ ಮಾತಾಡಿದರು. ಆಸ್ಪತ್ರೆಗೆ ಒಯ್ಯಲು ಗಾಡಿ ಕೊಡುವವನು ಅವನು, ಪೊಲೀಸ್ ಠಾಣೆಯಲ್ಲಿ ಬಡವನ ಪಕ್ಕ ನಿಲ್ಲುವವನು ಅವನು, ಸರ್ಕಾರ ಬರಬೇಕಾದ ಜಾಗಕ್ಕೆ ಮೊದಲು ಬರುವವನು ಅವನು. ಮುಗಿಯುವಷ್ಟರಲ್ಲಿ ನಾನು ಅವನಿಗೆ ಓಟು ಹಾಕಲು ಸಿದ್ಧನಿದ್ದೆ. ಆಗ ಅವರು ನನ್ನ ಮುಖ ನೋಡಿ, "ಇಷ್ಟು ಬೇಗ ತಿರುಗಿದೆಯಾ? ಥೂ" ಅಂದರು.

ಶಿವಲೀಲಾಳಿಗೆ ಮಾಡಿದ್ದನ್ನು ಹೇಳಲೇಬೇಕು. ಆ ದಿನಗಳಲ್ಲಿ ಎಲ್ಲ ಪಕ್ಷಗಳೂ ಹೆಂಗಸರ ಖಾತೆಗೆ ಹಣ ಹಾಕುವ, ಬಸ್ಸು ಉಚಿತ ಮಾಡುವ ಭರವಸೆ ಕೊಡುತ್ತಿದ್ದವು. ಟಿವಿಯಲ್ಲಿ ದಿನವೂ ಅದೇ ಜಗಳ. ಶಿವಲೀಲಾಳ ತಾಯಿ ಕೂಲಿ ಮಾಡಿ ಮಗಳನ್ನು ಓದಿಸಿದವಳು. ನಮ್ಮ ರಾಜ್ಯದಲ್ಲಿ ಆಗಲೇ ಜಾರಿಯಾಗಿದ್ದ ಆ ಯೋಜನೆಗಳಿಂದ ಮೊದಲ ಬಾರಿಗೆ ಗಂಡನ ಕೈ ಕಾಯದೆ ಔಷಧಿ ಕೊಂಡವಳು. ಅದನ್ನು ಅವಳೇ ನಮಗೆ ಹೇಳಿದ್ದಳು.

"ಕೊಪ್ಪಳ, ಉಚಿತ ಯೋಜನೆಗಳ ವಿರುದ್ಧ ಮಾತಾಡು" ಅಂದರು ಮೇಡಂ.

ಅವಳು ಖಜಾನೆ, ವಿತ್ತೀಯ ಶಿಸ್ತು ಎಂದು ಶುರು ಮಾಡಿದಳು. ಮೇಡಂ ಕೈ ಎತ್ತಿ ತಡೆದರು.

"ಅದು ಪುಸ್ತಕ. ನೇರವಾಗಿ ಹೇಳು. ದುಡ್ಡು ತಗೊಂಡು ಓಟು ಹಾಕೋ ಹೆಂಗಸು ಏನು ಮಾಡಿದ ಹಾಗಾಯಿತು?"

"ಓಟು... ಮಾರಿಕೊಂಡ ಹಾಗೆ."

"ಯಾರು ಮಾರಿಕೊಂಡರು?"

ಭಟ್ಕಳ ಎದ್ದು, "ಮೇಡಂ, ಇದು ಜಾಸ್ತಿ ಆಯ್ತು" ಅಂದ. ಮೇಡಂ ಅವನ ಕಡೆ ತಿರುಗಲೇ ಇಲ್ಲ.

"ನಿನ್ನ ಮನೆಯಲ್ಲಿ ಯಾರು ಮಾರಿಕೊಂಡರು ಕೊಪ್ಪಳ? ಹೇಳು. ನಾಳೆ ಟಿವಿಯಲ್ಲಿ ಕೋಟು ಹಾಕಿದವನು ಹೇಳ್ತಾನೆ. ಅವನಿಗಿಂತ ಮೊದಲು ನೀನು ಹೇಳಿ ನೋಡು, ಎಷ್ಟು ಭಾರ ಇದೆ ಅಂತ."

"ನಮ್ಮವ್ವ" ಅಂದಳು ಶಿವಲೀಲಾ. ಹಾಗೆ ಅಂದವಳು ನಿಲ್ಲಿಸಲಿಲ್ಲ. ಐದು ನಿಮಿಷ ಪೂರ್ತಿ ತನ್ನ ತಾಯಿಯ ವಿರುದ್ಧ ಮಾತಾಡಿದಳು. ತಪ್ಪಿಲ್ಲದ, ತೂಕದ ಮಾತು. ಮುಗಿಸಿ ಬಚ್ಚಲಿಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ಹೊರಬಂದಾಗ ಕಣ್ಣು ಊದಿತ್ತು. ಮೇಡಂ ಅವಳನ್ನು ಕೂರಲು ಬಿಡಲಿಲ್ಲ.

"ಈಗ ಅವ್ವನ ಪರವಾಗಿ."

ಅವಳು ಮಾತಾಡಿದ್ದನ್ನು ಇಲ್ಲಿ ಬರೆಯಲು ನನ್ನಿಂದಾಗದು. ಬೆಂಕಿ. ತೆರಿಗೆ ರಿಯಾಯಿತಿ ಪಡೆದ ಕಂಪನಿಯನ್ನು ಯಾರೂ ಓಟು ಮಾರಿಕೊಂಡಿತು ಅನ್ನುವುದಿಲ್ಲ, ಅವ್ವನನ್ನು ಮಾತ್ರ ಯಾಕೆ ಅನ್ನುತ್ತೀರಿ ಎಂದು ಕೇಳಿದಾಗ ಬಾಗಿಲಲ್ಲಿ ನಿಂತಿದ್ದ, ಭಾಷೆ ತಿಳಿಯದ ಮುನ್ನಿ ಕೂಡ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮೇಡಂ ಕೊನೆಗೆ ಇಷ್ಟೇ ಹೇಳಿದರು: "ಇನ್ನು ನಿಮ್ಮವ್ವನನ್ನ ಯಾರೂ ಮುಟ್ಟೋಕಾಗಲ್ಲ. ಉಪ್ಪಿಟ್ಟು ಆರ್ತಾ ಇದೆ."

ಅವರ ಕ್ರೌರ್ಯಕ್ಕೆಲ್ಲ ಹೀಗೆ ಒಂದು ಸದುದ್ದೇಶವಿತ್ತು ಎಂದು ಬರೆದು ಮುಗಿಸಬಹುದು. ಅದು ಸುಳ್ಳಾಗುತ್ತದೆ. ನನ್ನ ವಿಷಯದಲ್ಲಿ ಅಂಥದ್ದೇನೂ ಇರಲಿಲ್ಲ, ಅಥವಾ ಇದ್ದರೂ ನನಗೆ ಕಾಣಲಿಲ್ಲ. "ನಿನಗೆ ಅಭಿಪ್ರಾಯವೇ ಇಲ್ಲ ಹರಿಹರ. ಕೊನೆಗೆ ಓದಿದ ಲೇಖನ ಏನು ಹೇಳಿತ್ತೋ ಅದೇ ನೀನು" ಎಂದು ಎಲ್ಲರೆದುರು ಅನ್ನುತ್ತಿದ್ದರು. ಹೊಸಬರಿಗೆ ನನ್ನನ್ನು ಪರಿಚಯಿಸುವಾಗಲೂ ಅದನ್ನೇ ಹೇಳುತ್ತಿದ್ದರು.

ಆದರೂ ನಾಲ್ಕನೆಯ ಪ್ರಯತ್ನದಲ್ಲಿ ನಾನು ಸಂದರ್ಶನದ ಹಂತ ಮುಟ್ಟಿದೆ. ಅದರ ಹಿಂದಿನ ದಿನ ಮಧ್ಯಾಹ್ನ ಮೇಡಂ ನನ್ನೊಬ್ಬನನ್ನೇ ಕರೆಸಿದರು. ಎರಡು ಗಂಟೆ ಪ್ರಶ್ನೆ ಕೇಳಿದರು, ಹೆಚ್ಚು ಬೈಯಲಿಲ್ಲ. ಮುಗಿದ ಮೇಲೆ ಅವರನ್ನು ಮೆಚ್ಚಿಸಲೆಂದು ನಾನೇ ಕೇಳಿದೆ: "ಮೇಡಂ, ಸರ್ವಿಸ್‌ನಲ್ಲಿ ಫೈಲಿನಲ್ಲಿ ನೀವು ಬರೆದ ಅತ್ಯುತ್ತಮ ನೋಟ್ ಯಾವುದು?"

ಅವರು ಎದ್ದು ಬಾಲ್ಕನಿಯ ಹಗ್ಗದಿಂದ ಬಟ್ಟೆ ತೆಗೆಯತೊಡಗಿದರು.

"ನಾಲ್ಕು ಸಾಲು" ಅಂದರು. "ನಾಲೆಯ ಪಕ್ಕ ಒಂದು ಜುಗ್ಗಿ ಬಸ್ತಿ ಇತ್ತು, ಗುಡಿಸಲುಗಳ ಕೇರಿ. ರಸ್ತೆಗೆ ಜಾಗ ಬೇಕಿತ್ತು. ಚಳಿಗಾಲ ಮುಗಿಯೋವರೆಗೆ ಕಾಯೋದಾ, ಈಗಲೇ ತೆಗೆಸೋದಾ ಅಂತ ಫೈಲು ನನ್ನ ಮೇಜಿಗೆ ಬಂತು. ಆಗ ನಾನು ಅಂಡರ್ ಸೆಕ್ರೆಟರಿ. ಈಗಲೇ ತೆಗೆಸಬಹುದು ಅಂತ ಬರೆದೆ. ಕೊನೆಯಲ್ಲಿ, ಮಾನವೀಯ ಅಂಶಗಳನ್ನು ಗಮನದಲ್ಲಿ ಇಟ್ಟುಕೊಳ್ಳಬಹುದು ಅಂತ ಒಂದು ಸಾಲು. ಮೇಲಿನವರು ಡ್ರಾಫ್ಟ್ ಬಹಳ ಅಚ್ಚುಕಟ್ಟಾಗಿದೆ ಅಂದರು. ಒಂದು ಅಕ್ಷರ ತಿದ್ದಲಿಲ್ಲ."

"ಆಮೇಲೆ?"

"ಆಮೇಲೇನು. ಒಡೆದರು. ಎರಡು ದಿನ ಬಿಟ್ಟು ಪೇಪರಿನ ಒಳಪುಟದಲ್ಲಿ ಬಂತು. ಬಯಲಲ್ಲಿ ಮಲಗಿಸಿದ್ದ ಕೂಸು ಚಳಿಗೆ ಸತ್ತಿತ್ತು. ಮೂರು ತಿಂಗಳದ್ದು."

"ನೀವು ಅಲ್ಲಿಗೆ ಹೋಗಿದ್ರಾ ಮೇಡಂ?"

"ಹೋಗಿ ಏನಂತ ಪರಿಚಯ ಮಾಡಿಕೊಳ್ಳಲಿ? ಡ್ರಾಫ್ಟ್ ಬರೆದವಳು ಅಂತಲಾ?" ಅವರು ನನ್ನ ಕಡೆ ತಿರುಗಿದರು. "ಇದನ್ನ ಯಾರಿಗೂ ಹೇಳಿಲ್ಲ. ನಾಳೆ ಅಲ್ಲಿ ಕೂತು ಆಡಳಿತದಲ್ಲಿ ಮಾನವೀಯತೆ ಅಂತ ಪುಸ್ತಕದ ಮಾತು ಆಡಬೇಡ ಅಂತ ನಿನಗೆ ಹೇಳಿದೆ. ಅಷ್ಟೇ. ಹೋಗು."

ಮರುದಿನ ನಾನು ಪುಸ್ತಕದ ಮಾತನ್ನೇ ಆಡಿದೆ. ಏಪ್ರಿಲ್‌ನಲ್ಲಿ ಫಲಿತಾಂಶ ಬಂತು. ಪಟ್ಟಿಯಲ್ಲಿ ಶಿವಲೀಲಾಳ ಹೆಸರಿತ್ತು. ನನ್ನದಿರಲಿಲ್ಲ. ನನಗೆ ಅದೇ ಕೊನೆಯ ಅವಕಾಶ, ವಯಸ್ಸು ದಾಟಿತ್ತು.

ಆ ಭಾನುವಾರ ನಾನು ಯಾಕೆ ಹೋದೆನೋ. ಒಂದು ಒಳ್ಳೆಯ ಮಾತು ಸಿಗಬಹುದು ಅಂದುಕೊಂಡಿರಬೇಕು. ಶಿವಲೀಲಾ ತಂದ ಪೇಡೆಯ ಡಬ್ಬಿ ದಿವಾನದ ಮೇಲಿತ್ತು. ಎಲ್ಲರೂ ನನ್ನನ್ನು ಕಂಡು ಮಾತು ನಿಲ್ಲಿಸಿದರು. ಮೇಡಂ ಕನ್ನಡಕ ಒರೆಸುತ್ತ ಹೇಳಿದರು:

"ಒಳ್ಳೇದೇ ಆಯ್ತು ಬಿಡು ಹರಿಹರ. ಬೋರ್ಡಿನವರಿಗೆ ಬುದ್ಧಿ ಇದೆ. ಅಭಿಪ್ರಾಯ ಇಲ್ಲದವನ ಕೈಗೆ ಸಹಿ ಕೊಟ್ಟರೆ ಜನ ಸಾಯ್ತಾರೆ."

ಶಿವಲೀಲಾ "ಮೇಡಂ" ಎಂದು ಮೆಲ್ಲಗೆ ಅಂದಳು. ನಾನು ಚಪ್ಪಲಿ ಹಾಕಿಕೊಂಡು ಹೊರಬಂದೆ. ಅವರು ಆ ಮಾತನ್ನು ನನಗೆ ಹೇಳಿದರೋ ತಮಗೆ ಹೇಳಿಕೊಂಡರೋ ಎಂದು ಈಗ ಯೋಚಿಸುತ್ತೇನೆ. ಅಂದು ಯೋಚಿಸಲಿಲ್ಲ.

ಕೆಳಗೆ ಗೇಟಿನ ಬಳಿ ಖುರಾನಾ ಅಂಕಲ್ ಸಿಕ್ಕರು. ಅದೇ ಸೊಸೈಟಿಯವರು, ನಿವೃತ್ತ ಎಂಜಿನಿಯರ್, ಬಹಳ ಮೃದು ಮನುಷ್ಯ. ಮಳೆ, ಬಿಸಿಲಲ್ಲಿ ಎಷ್ಟೋ ಸಲ ತಮ್ಮ ಕಾರಿನಲ್ಲಿ ನನ್ನನ್ನು ಮೆಟ್ರೋ ಸ್ಟೇಷನ್ನಿಗೆ ಬಿಟ್ಟಿದ್ದರು. ಮೇಡಂ ಮತ್ತು ಅವರು ಆಗ ಎದುರಾಳಿಗಳು. ಸೊಸೈಟಿಯ ಆಡಳಿತ ಸಮಿತಿಗೆ ಚುನಾವಣೆ ಬಂದಿತ್ತು. ಸೆಕ್ರೆಟರಿ ಹುದ್ದೆಗೆ ಇಬ್ಬರೂ ನಿಂತಿದ್ದರು. ಜಗಳದ ಮೂಲ ಒಂದು ಹೊಸ ನಿಯಮ. ಮನೆಗೆಲಸದವರು, ಅಡಿಗೆಯವರು, ಡ್ರೈವರುಗಳು ಹಿಂದಿನ ಒಂದೇ ಲಿಫ್ಟ್ ಬಳಸಬೇಕು, ಪಾರ್ಕಿನ ಬೆಂಚುಗಳ ಮೇಲೆ ಕೂರಬಾರದು. ನಿಯಮ ತಂದವರು ಖುರಾನಾ. ಕಿತ್ತು ಹಾಕುತ್ತೇನೆ ಎಂದು ನಿಂತವರು ಮೇಡಂ.

"ಅರೆ ಬೇಟಾ, ಕ್ಯಾ ಹುವಾ?" ಅಂದರು ಖುರಾನಾ. ನನ್ನ ಮುಖ ನೋಡಿ ಕಾರಿನ ಬಾಗಿಲು ತೆರೆದರು. ಎಸಿ ಹಾಕಿದರು. ನೀರಿನ ಬಾಟಲಿ ಕೊಟ್ಟರು. ನಾನು ಅತ್ತೆ. ಅವರು ನನ್ನ ಬೆನ್ನು ಸವರಿದರು. ಅವರು ಏನನ್ನೂ ಕೆದಕಿ ಕೇಳಲಿಲ್ಲ. ನಾನೇ ಹೇಳಿದೆ. ಮೇಡಂ ನನಗೆ ಅಂದದ್ದನ್ನು ಹೇಳಿದೆ. ಆಮೇಲೆ, ಜನ ಸಾಯುವ ಮಾತು ಆಡಲು ಅವರಿಗೆ ಯಾವ ಹಕ್ಕಿದೆ ಎಂದು ಆ ನಾಲ್ಕು ಸಾಲಿನ ಕಥೆಯನ್ನೂ ಹೇಳಿದೆ. ಕೂಸಿನ ವಯಸ್ಸನ್ನೂ ಬಿಡಲಿಲ್ಲ.

"ಓಹೋ" ಅಂದರು ಖುರಾನಾ. ಕಾರನ್ನು ಸ್ಟೇಷನ್ ಕಡೆ ತಿರುಗಿಸಿದರು. ಇಳಿಯುವಾಗ, "ಚಿಂತೆ ಮಾಡಬೇಡ, ಬದುಕು ದೊಡ್ಡದು" ಅಂದರು.

ಅವರು ಅದನ್ನು ಬಳಸುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಗೊತ್ತಿತ್ತು.

ಮೇಡಂ ಅವರ ಪ್ರಚಾರ ನೋಡುವಂತಿತ್ತು ಎಂದು ಶಿವಲೀಲಾ ಆಮೇಲೆ ಹೇಳಿದಳು. ಅವಳೇ ಅವರ ಜೊತೆ ಮಹಡಿ ಮಹಡಿ ಹತ್ತಿದ್ದು. ಓಟು ಕೇಳಲು ಹೋದವರು ಮನೆಯವರ ಜೊತೆ ಜಗಳ ಮಾಡಿ ಬರುತ್ತಿದ್ದರಂತೆ. ಒಬ್ಬ ಹೆಂಗಸು, "ಆಂಟೀಜೀ, ಕೆಲಸದವರ ಬೆವರು ವಾಸನೆ ಬರುತ್ತೆ" ಅಂದದ್ದಕ್ಕೆ, "ಅದು ನಿಮ್ಮ ಮನೆಯ ನೆಲ ಒರೆಸಿದ ಬೆವರು. ವಾಸನೆ ನಿಮ್ಮದೇ" ಅಂದರಂತೆ. ಆ ಮಹಡಿಯ ನಾಲ್ಕೂ ಮನೆಗಳ ಓಟು ಅಲ್ಲೇ ಹೋಯಿತು. ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಅವರ ಫೋಟೋ ಹಾಕಿ, ತುಟಿಯ ಮಚ್ಚೆಗೆ ಸುತ್ತ ಗೆರೆ ಎಳೆದು, "ಇದಕ್ಕೂ ಬೇರೆ ಲಿಫ್ಟ್ ಬೇಕು" ಎಂದು ಬರೆದಿದ್ದರು. ನಲವತ್ತು ಜನ ನಗುವ ಮುಖ ಒತ್ತಿದ್ದರು. ಮೇಡಂ ಅದಕ್ಕೆ ಉತ್ತರವಾಗಿ ಸೊಸೈಟಿಯ ನಿಯಮಾವಳಿಯ ಒಂದು ಪುಟ ಹಾಕಿದರಂತೆ.

ಮೇ ತಿಂಗಳ ಒಂದು ಭಾನುವಾರ, ಹನ್ನೊಂದು ಗಂಟೆಗೆ, ಸಮುದಾಯ ಭವನದಲ್ಲಿ ಅಭ್ಯರ್ಥಿಗಳ ಸಭೆ. ನಾನು ಹೋಗಿದ್ದೆ. ಹಿಂದಿನ ಸಾಲಿನಲ್ಲಿ ಕೂತಿದ್ದೆ. ಶಿವಲೀಲಾ ಮುಂದಿನ ಸಾಲಿನಲ್ಲಿದ್ದಳು. ಹೊರಗೆ ಲೂ ಎಂಬ ಬೆಂಕಿಯಂಥ ಬಿಸಿಗಾಳಿ ಬೀಸುತ್ತಿತ್ತು, ಒಳಗೆ ಕೂಲರುಗಳ ಸದ್ದು. ಮುನ್ನಿ ಮತ್ತು ಇನ್ನೂ ಕೆಲವು ಕೆಲಸದ ಹೆಂಗಸರು ಶರಬತ್ತು ಹಂಚಲು ಬಂದು ಗೋಡೆಗೆ ಒರಗಿ ನಿಂತಿದ್ದರು. ಮೇಡಂ ಮೊದಲು ಮಾತಾಡಿದರು. ಚೆನ್ನಾಗಿ ಮಾತಾಡಿದರು. ಲಿಫ್ಟ್ ಎಲ್ಲರ ನಿರ್ವಹಣಾ ವೆಚ್ಚದಲ್ಲಿ ನಡೆಯುತ್ತದೆ, ಯಾರ ದೇಹವೂ ಅದನ್ನು ಮೈಲಿಗೆ ಮಾಡುವುದಿಲ್ಲ, ಇಂಥ ನಿಯಮ ನ್ಯಾಯಾಲಯದಲ್ಲಿ ಒಂದು ದಿನ ನಿಲ್ಲುವುದಿಲ್ಲ. ಕೆಲವರು ತಲೆದೂಗಿದರು ಕೂಡ.

ಖುರಾನಾ ಎದ್ದು ಕೈ ಮುಗಿದರು. ಅವರ ದನಿ ಅಷ್ಟೇ ಮೃದುವಾಗಿತ್ತು.

"ಮೇಡಂಜೀ ಅವರಿಗೆ ಬಡವರ ಬಗ್ಗೆ ಎಷ್ಟು ಕಾಳಜಿ! ನನ್ನದೊಂದೇ ಸಣ್ಣ ಪ್ರಶ್ನೆ. ಮೇಡಂಜೀ, ನೀವು ಆಫೀಸರ್ ಆಗಿದ್ದಾಗ, ಕೊರೆಯುವ ಚಳಿಯಲ್ಲಿ ನಾಲೆ ಪಕ್ಕದ ಬಸ್ತಿ ಒಡೆಸಿ ಅಂತ ಬರೆದದ್ದು ಯಾರು? ಅಲ್ಲಿ ಸತ್ತ ಮೂರು ತಿಂಗಳ ಕೂಸು ಯಾವ ಲಿಫ್ಟಿನಲ್ಲಿ ಹೋಯಿತು?"

ಮೇಡಂ ಖುರಾನಾ ಕಡೆ ನೋಡಲಿಲ್ಲ. ಅವರ ಕಣ್ಣು ಸಾಲು ಸಾಲಾಗಿ ಹಿಂದೆ ಬಂದು ನನ್ನ ಮೇಲೆ ನಿಂತಿತು. ಅಲ್ಲೇ ಇತ್ತು, ನಾನು ತಲೆ ತಗ್ಗಿಸುವವರೆಗೆ.

"ಬರೆದದ್ದು ನಾನೇ" ಅಂದರು ಹಿಂದಿಯಲ್ಲಿ. "ಕೋರ್ಟ್ ಹೇಳಿತ್ತು, ಮೇಲಿನವರು ಹೇಳಿದ್ದರು ಅಂತ ಹೇಳಬಹುದು. ಹೇಳಲ್ಲ. ನಾನೇ ಬರೆದೆ. ಆದರೆ ಖುರಾನಾಜೀ, ನಾನು ಕೆಟ್ಟವಳು ಅನ್ನೋದರಿಂದ ನಿಮ್ಮ ನಿಯಮ ಒಳ್ಳೆಯದಾಗಲ್ಲ."

ಎಂಥ ಸರಿಯಾದ ಮಾತು. ಯಾರೂ ಕೇಳಿಸಿಕೊಳ್ಳಲಿಲ್ಲ. ಮಧ್ಯದ ಸಾಲಿನಿಂದ ಯಾರೋ, "ಬುಲ್ಡೋಜರ್ ಆಂಟಿ!" ಎಂದು ಕೂಗಿದರು. ನಗು ಒಡೆಯಿತು. ಮಕ್ಕಳು ಅದನ್ನು ಹಿಡಿದುಕೊಂಡು ಭವನದ ತುಂಬ ಓಡಾಡಿದರು. ಮೇಡಂ ಮೈಕಿನ ಮುಂದೆ ನಿಂತು ಉಳಿದ ವಾದವನ್ನು ಪೂರ್ತಿ ಮುಗಿಸಿದರು. ಒಂದೊಂದಾಗಿ ಎಲ್ಲ ಅಂಶಗಳನ್ನೂ. ಮಚ್ಚೆ ಕೆಂಪಾಗಿರಲಿಲ್ಲ. ಬೆಳ್ಳಗೇ ಇತ್ತು.

ಅವರಿಗೆ ಬಿದ್ದ ಓಟು ಎರಡಂಕಿ ಮುಟ್ಟಲಿಲ್ಲ. ಮರುದಿನ ಮುನ್ನಿ ಕೆಲಸ ಬಿಟ್ಟಳು. ಮೇಡಂ ಅವಳಿಗೆ ಹೇಳಿದರಂತೆ, ಅದು ನಿನ್ನ ಬಸ್ತಿ ಅಲ್ಲ, ಬೇರೆ ಕಡೆಯದು ಎಂದು. ಮುನ್ನಿ ಅಂದಳಂತೆ: "ಯಾವುದಾದರೇನು ದೀದಿ. ನಮ್ಮದೂ ಎರಡು ಸಲ ಒಡೆದಿದ್ದಾರೆ. ಒಡೆಯೋದು ಎಲ್ಲಾ ಕಡೆ ಒಂದೇ ಥರ."

ಮುಂದಿನ ಭಾನುವಾರ ಹೋಗದಿದ್ದರೆ ಉಳಿದವರಿಗೂ ಅನುಮಾನ ಬರುತ್ತದೆ ಎಂದು ಹೋದೆ. ನನ್ನ ಹೇಡಿತನ ಎಷ್ಟು ಲೆಕ್ಕಾಚಾರದ್ದು ನೋಡಿ. ಅಂದು ಉಪ್ಪಿಟ್ಟು ಇರಲಿಲ್ಲ, ಬ್ರೆಡ್ಡಿತ್ತು. ಮೇಡಂ ಎಂದಿನಂತೆ ನಡೆಸಿದರು. ಮುಗಿದ ಮೇಲೆ, "ಹರಿಹರ, ನಿಲ್ಲು" ಅಂದರು. ಉಳಿದವರು ಹೋದರು.

"ಪಾಯಿಂಟ್ ಚೆನ್ನಾಗಿತ್ತು" ಅಂದರು. "ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತೂ ಇಲ್ಲ. ಆದರೆ ನೀನೇ ಎದ್ದು ಹೇಳಬೇಕಿತ್ತು. ಅವನ ಬಾಯಲ್ಲಿ ಆ ಕೂಸು ಒಂದು ತಮಾಷೆ ಆಗಿಹೋಯ್ತು."

ನಾನು ಏನೋ ತೊದಲಿದೆ.

"ಕ್ಷಮೆ ಗಿಮೆ ಬೇಡ. ಮುಂದಿನ ವಾರದ ವಿಷಯ ಬರ್ಕೋ. ಒಳಗಿನ ಗುಟ್ಟು ಹೊರಗೆ ಹಾಕುವವರಿಗೆ ಕಾನೂನು ರಕ್ಷಣೆ ಕೊಡಬೇಕು. ನೀನು ಪರ. ಕೊಪ್ಪಳ ವಿರುದ್ಧ."

ಆ ವಾರ ನಾನು ನಿದ್ದೆಗೆಟ್ಟು ಓದಿದೆ. ಶಿವಲೀಲಾ ನನ್ನೆದುರು ನಿಂತು, ಗುಟ್ಟು ಹೊರಹಾಕುವವನ ಉದ್ದೇಶ ಸೇಡಾಗಿದ್ದರೆ ಅವನಿಗೆ ರಕ್ಷಣೆ ಯಾಕೆ ಎಂದು ಕೇಳಿದಳು. ಮೇಡಂ ದಿವಾನದ ಮೇಲೆ ಕಾಲು ಮಡಿಸಿ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಮಾತಾಡಿದೆ. ಹೇಳಿದವನು ನೀಚನಾಗಿದ್ದರೂ ಹೇಳಿದ್ದು ನಿಜವಾಗಿದ್ದರೆ ಸತ್ತವರಿಗೆ ಆ ನಿಜದ ಮೇಲೆ ಹಕ್ಕಿದೆ ಎಂದೆ. ರಕ್ಷಣೆ ಕೇಳುವವನು ಮೊದಲು ತನ್ನ ಹೆಸರು ಹೇಳಬೇಕು ಎಂದೂ ಅಂದೆ. ಬದುಕಿನಲ್ಲಿ ನಾನು ಅಷ್ಟು ಚೆನ್ನಾಗಿ ಮಾತಾಡಿದ್ದು ಅದೊಂದೇ ಸಲ. ಭಟ್ಕಳ ಚಪ್ಪಾಳೆ ತಟ್ಟಿದ. ಮೇಡಂ, "ಬಂತು. ಅಂತೂ ನಿನಗೂ ಒಂದು ಅಭಿಪ್ರಾಯ ಬಂತು" ಅಂದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ.

ಆಮೇಲೆ ನನಗೆ ಒಂದು ಕಡೆ ಕೆಲಸ ಸಿಕ್ಕಿತು. ಶಾಸಕರಿಗೆ, ಸಂಸದರಿಗೆ ಮಸೂದೆಗಳ ಟಿಪ್ಪಣಿ ಬರೆದುಕೊಡುವ ಸಂಸ್ಥೆ. ಈಗಲೂ ಅಲ್ಲೇ ಇದ್ದೇನೆ. ಪ್ರತಿ ಟಿಪ್ಪಣಿಯ ಕೆಳಗೆ ನನ್ನ ಹೆಸರು ಹಾಕುತ್ತೇನೆ. ಇದರಿಂದ ಎರಡು ಬಡ್ತಿ ತಪ್ಪಿವೆ. ಈ ಹಟ ನನ್ನದಲ್ಲ, ಅವರದು. ಆದರೆ ಭಾನುವಾರಗಳು ಎಂದೂ ಮೊದಲಿನಂತಾಗಲಿಲ್ಲ. ಮೇಡಂ ಲಿಫ್ಟಿಗೆ ಬಂದರೆ ಒಳಗಿದ್ದ ಮಕ್ಕಳು "ಬುಲ್ಡೋಜರ್" ಎಂದು ಪಿಸುಗುಟ್ಟುತ್ತಿದ್ದರು, ತಾಯಂದಿರು ನಗು ತಡೆದುಕೊಳ್ಳುತ್ತಿದ್ದರು. ಅವರು ಏಳು ಮಹಡಿ ಮೆಟ್ಟಿಲು ಹತ್ತಲು ಶುರು ಮಾಡಿದರು. ನವೆಂಬರಿನ ಹೊಗೆಯಲ್ಲೂ ಹತ್ತಿದರು. ಶ್ವಾಸಕೋಶ ಕೆಟ್ಟಿತು.

ಕಳೆದ ಚಳಿಗಾಲ ಆಸ್ಪತ್ರೆಯಲ್ಲಿ ನೋಡಿದಾಗ ಮೂಗಿಗೆ ನಳಿಗೆ ಇತ್ತು. ಒಂದು ವಾಕ್ಯಕ್ಕೆ ಸಾಕಾಗುವಷ್ಟು ಉಸಿರು ಉಳಿದಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಚುನಾವಣಾ ಸುದ್ದಿ ಓದುತ್ತಿದ್ದೆ. ಒಬ್ಬ ಮಂತ್ರಿ ಗಾಳಿಯ ಗುಣಮಟ್ಟ ಸುಧಾರಿಸಿದೆ ಎಂದಿದ್ದನ್ನು ಓದಿದೆ. ಅವರು ಕಣ್ಣು ಮುಚ್ಚಿಕೊಂಡೇ, "ಸುಳ್ಳು" ಅಂದರು. ಮುಂದಿನ ಸುದ್ದಿಗೂ "ಸುಳ್ಳು". ನಾನು ಒಂದು ನಿಜವಾದ ಸುದ್ದಿ ಹುಡುಕತೊಡಗಿದೆ. ಅಷ್ಟರಲ್ಲಿ ನರ್ಸ್ ಬಂದು ಹೊರಗೆ ಕಳಿಸಿದಳು. ಎರಡು ದಿನದ ನಂತರ ಹೋದರು. ಮೈಸೂರಿನಿಂದ ತಮ್ಮ ಬಂದು ಕ್ರಿಯೆ ಮುಗಿಸಿ, ಫ್ಲಾಟಿನ ಬೀಗದ ಕೈಯನ್ನು ದಲ್ಲಾಳಿಗೆ ಕೊಟ್ಟು ಹೊರಟುಹೋದರು.

ಸೊಸೈಟಿಯವರು ಶ್ರದ್ಧಾಂಜಲಿ ಸಭೆ ಇಟ್ಟರು. ಅದೇ ಭವನ. ಸೆಕ್ರೆಟರಿ ಖುರಾನಾ ಇಪ್ಪತ್ತು ನಿಮಿಷ ಮಾತಾಡಿದರು. ನಿರ್ಭೀತ ಮಹಿಳೆ, ಪ್ರಜಾಪ್ರಭುತ್ವದ ಚೇತನ, ನಮ್ಮೆಲ್ಲರ ದೀದಿ ಎಂದರು. ಕಣ್ಣು ಒರೆಸಿಕೊಂಡರು. ನನ್ನನ್ನು ಕಂಡು, "ದೀದಿಯ ಶಿಷ್ಯ ಬಂದಿದ್ದಾನೆ, ಎರಡು ಮಾತಾಡಲಿ" ಎಂದು ಮೈಕು ಕೊಟ್ಟರು.

ನಾನು ಹಿಂದಿಯಲ್ಲಿ ಹೇಳಿದೆ. "ಇದೇ ಭವನದಲ್ಲಿ ಅವರನ್ನು ನೀವೆಲ್ಲ ನಕ್ಕು ಕೆಡವಿದಿರಲ್ಲ, ಆ ಮಾತನ್ನು ಖುರಾನಾಜೀ ಅವರಿಗೆ ಕೊಟ್ಟವನು ನಾನು. ಅವರು ನನ್ನನ್ನು ನಂಬಿ ಹೇಳಿದ್ದರು. ಸೇಡಿಗಾಗಿ ನಾನದನ್ನು ಮಾರಿಕೊಂಡೆ."

ಯಾರಾದರೂ ಎದ್ದು ಬೈಯಬಹುದು ಎಂದು ಕಾದೆ. ಯಾರೂ ಏಳಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು "ಪಾಪ" ಅಂದಳು, ಅದೂ ನನ್ನನ್ನು ನೋಡಿ. ಖುರಾನಾ ನನ್ನ ಹೆಗಲ ಮೇಲೆ ಕೈಯಿಟ್ಟರು. "ಅರೆ ಬೇಟಾ, ಹಳೆಯ ಮಾತು. ಚುನಾವಣೆಯಲ್ಲಿ ಇದೆಲ್ಲ ನಡೀತದೆ. ಚಲೋ, ಚಾಯ್ ಆರ್ತಾ ಇದೆ" ಅಂದರು. ಸಮೋಸದ ತಟ್ಟೆ ಬಂತು. ನನ್ನ ಕೈಗೂ ಒಂದು ಇಟ್ಟರು.

ಹೊರಗೆ ಬಂದು ಶಿವಲೀಲಾಳಿಗೆ ಫೋನ್ ಮಾಡಿದೆ. ಅವಳು ದೂರದ ಒಂದು ಜಿಲ್ಲೆಯಲ್ಲಿ ಅಧಿಕಾರಿ. ರಜೆ ಸಿಗದೆ ಬಂದಿರಲಿಲ್ಲ. ಎಲ್ಲವನ್ನೂ ಹೇಳಿದೆ.

"ನನಗೆ ಅವತ್ತೇ ಗೊತ್ತಿತ್ತು" ಅಂದಳು ಕೊನೆಗೆ. "ಸಭೆಯಲ್ಲಿ ಮೇಡಂ ಯಾರನ್ನ ನೋಡಿದ್ರು ಅಂತ ನಾನೂ ತಿರುಗಿ ನೋಡಿದೆ. ನೀನು ಹೇಳ್ತೀ ಅಂತ ಮೂರು ವರ್ಷ ಕಾದೆ. ಅವರೂ ಕಾದ್ರು. ನಾನಲ್ಲಿ ಇದ್ದಷ್ಟು ದಿನ ನೋಡಿದೀನಿ, ಭಾನುವಾರ ಎಲ್ಲರೂ ಹೋದಮೇಲೆ ಬಾಗಿಲು ಹಾಕೋಕೆ ತಡ ಮಾಡೋರು, ನೀನು ವಾಪಸ್ ಬರ್ತೀಯೇನೋ ಅಂತ."

"ಅವರೇ ಕ್ಷಮೆ ಬೇಡ ಅಂದಿದ್ದರು ಶಿವಲೀಲಾ."

"ಕ್ಷಮೆ ಬೇಡ ಅಂದಿದ್ರು. ಎಲ್ಲರೆದುರು ಎದ್ದು ಹೇಳೋದು ಬೇಡ ಅಂದಿದ್ರಾ?"

ಅವಳ ಕಡೆ ಯಾರೋ ಫೈಲು ಹಿಡಿದು ಬಂದ ಸದ್ದು ಕೇಳಿಸಿತು. "ಇನ್ನು ನನಗೆ ಫೋನ್ ಮಾಡಬೇಡ" ಅಂದಳು. ಕೋಪವಿರಲಿಲ್ಲ ಆ ದನಿಯಲ್ಲಿ. ಫೋನ್ ಇಟ್ಟಳು.

ನಾನು ಮಾಡಿಲ್ಲ.